ಕಿನ್ನರದ ಮನೆಯ ರೋಗ

ಮದುವೆಯಾಗಿ ಸದಾಶಿವಗಡದಿಂದ ಅಂಕೋಲೆಗೆ ಹೋದ ಮೇಲೆ ನಾನು ನನ್ನನ್ನು ಹೆತ್ತ ಆಯಿಯ ಪಾಲಿಗೇ ನೆಂಟಳಾಗಿಬಿಟ್ಟೆ. ಬಸ್ಸು ಹತ್ತಿ ತವರಿಗೆ ಬಂದರೆ ಅವಳ ಮೊದಲ ಪ್ರಶ್ನೆ, “ನಿಮ್ಮನೇಲಿ ಎಲ್ಲ ಆರಾಮೇ?” ಹೊರಡುವಾಗ ಒಣಮೀನಿನ ಪೊಟ್ಟಣ ಕೈಗಿಟ್ಟು, “ಕತ್ತಲಾಗೂ ಮುಂಚೆ ನಿಮ್ಮನೆ ಸೇರ್ಕೊ.” ಹುಟ್ಟಿ ಬೆಳೆದ ಮನೆಯ ಹೊಸ್ತಿಲ ಮೇಲೇ ನಿಂತು ಈ ಮಾತು ಕೇಳುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಯಿಗೆ ಮಾತ್ರ ಇದರಲ್ಲಿ ತಪ್ಪೇ ಕಾಣುತ್ತಿರಲಿಲ್ಲ. ಹೆಣ್ಣು ಅಂದರೆ ಕೊಟ್ಟ ಮನೆಯವಳು, ಅಷ್ಟೇ. ಅವಳೇ ಹುಟ್ಟಿದ್ದು ಕೇಣಿಯಲ್ಲಾದರೂ, ಯಾರಾದರೂ ಊರು ಕೇಳಿದರೆ ಸದಾಶಿವಗಡ ಎನ್ನುತ್ತಿದ್ದಳು.

ಇದು ಎರಡು ಸಾವಿರದ ದಶಕದ ನಡುವಿನ ಮಾತು. ಆಯಿ ದಿನಾ ಕಾಳಿ ಸೇತುವೆ ದಾಟಿ ಕಾರವಾರದ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಅಲ್ಲಿಗೆ ಆಗಷ್ಟೇ ಮೊಬೈಲು ಬಂದಿತ್ತು. ಅದರ ಹಿಂದೆಯೇ ಒಂದು ಸುದ್ದಿಯೂ ಬಂತು: ದುಡ್ಡಿನ ಚೀಲ, ಮೊಬೈಲು ರವಿಕೆಯೊಳಗೆ ಇಟ್ಟುಕೊಂಡರೆ ಎದೆಗೆ ಗಡ್ಡೆ ಬರುತ್ತದಂತೆ. ಆಯಿ ಎರಡನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆದರೆ ಚಿಲ್ಲರೆ ಕೊಡುವಾಗ ಕೈ ಅಭ್ಯಾಸಬಲದಿಂದ ರವಿಕೆಗೇ ಹೋಗಿ ಬರಿಗೈಯಲ್ಲಿ ವಾಪಸು ಬರುತ್ತಿತ್ತು. ಗಿರಾಕಿಗಳಿಗೆ ಅದೊಂದು ತಮಾಷೆ.

ಆ ಹೊತ್ತಿಗೇ ಒಂದು ಭಾನುವಾರ ನಮ್ಮೂರ ಶಾಲೆಯಲ್ಲಿ ಹೆಂಗಸರ ತಪಾಸಣೆ ಶಿಬಿರವಾಯಿತು. ನಾನು ತವರಿಗೆ ಬಂದಿದ್ದೆ. ಅಕ್ಷರ ದುಂಡಗಿದೆ ಎಂದು ನರ್ಸಬಾಯಿ ನನ್ನನ್ನೇ ಮೇಜಿನ ಮುಂದೆ ಕೂರಿಸಿ, ತಾನು ಕೇಳಿದ್ದಕ್ಕೆ ಬಂದ ಉತ್ತರ ಬರೆಯುವ ಕೆಲಸ ಒಪ್ಪಿಸಿದಳು. ಆಯಿ ಬಂದದ್ದು ಬಿಪಿ ನೋಡಿಸಿಕೊಳ್ಳಲು. ಹೊಸ ಸೀರೆ ಉಟ್ಟು, ಸಾಲು ತಪ್ಪಿಸಿ ಮುಂದೆ ನುಗ್ಗಿ ಕೂತಳು.

“ಮನೇಲಿ ಯಾರಿಗಾದರೂ ಎದೆ ಕ್ಯಾನ್ಸರ್ ಆಗಿತ್ತೇ ಅಮ್ಮಾ?” ನರ್ಸಬಾಯಿ ಕೇಳಿದಳು.

“ಇಲ್ಲಪ್ಪ. ನಮ್ಮನೇಲಿ ಅಂಥಾದ್ದು ಎಂತದೂ ಇಲ್ಲ,” ಎಂದಳು ಆಯಿ, ಯಾರೋ ಕಳ್ಳತನದ ಬಗ್ಗೆ ವಿಚಾರಿಸಿದ ಹಾಗೆ. ನಾನು ‘ಇಲ್ಲ’ ಎಂದು ದುಂಡಗೆ ಬರೆದೆ.

ನರ್ಸಬಾಯಿ ಪಳಗಿದ ಕೈ. ಪ್ರಶ್ನೆಯನ್ನು ತಿರುಗಿಸಿ ಕೇಳಿದಳು. “ನಿಮ್ಮ ತಾಯಿ, ಅಕ್ಕ, ತಂಗಿ?”

“ಅಕ್ಕಂಗೆ ಆಗಿತ್ತು. ಅದ್ರಲ್ಲೇ ಹೋದ್ಳು,” ಎಂದಳು ಆಯಿ ಸಲೀಸಾಗಿ. “ಆದ್ರೆ ಅವ್ಳನ್ನ ಕಿನ್ನರ ಊರಿಗೆ ಕೊಟ್ಟಿತ್ತು. ಅದು ಕಿನ್ನರದ ಮನೆಯ ರೋಗ. ನಮ್ದಲ್ಲ.”

ಪೆನ್ನು ಹಿಡಿದ ನನ್ನ ಕೈ ನಿಂತಿತು. ಆ ದೊಡ್ಡಾಯಿ ಕಿನ್ನರದ ಮನೆಯ ಮಂಚದ ಮೇಲೆ ಕಡ್ಡಿಯಂತೆ ಮಲಗಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ‘ನಿಮ್ಮನೆ’ ಎಂದರೆ ಉರಿದುಬೀಳುತ್ತಿದ್ದ ನಾನೂ ಅವಳ ರೋಗವನ್ನು ಮಾತ್ರ ಆಯಿಯ ಹಾಗೆಯೇ ಕಿನ್ನರದ ಲೆಕ್ಕಕ್ಕೆ ಹಾಕಿದ್ದೆ.

“ರಕ್ತಕ್ಕೆ ಮದ್ವೆ ಮಾಡೂಕೆ ಬರೂದಿಲ್ಲ ಅಮ್ಮಾ,” ಎಂದು ನರ್ಸಬಾಯಿ ನಕ್ಕಳು. ಆಮೇಲೆ ನಿಧಾನಕ್ಕೆ ತಿಳಿಸಿ ಹೇಳಿದಳು. ತಾಯಿಗೋ ಅಕ್ಕತಂಗಿಗೋ ಆಗಿದ್ದರೆ ನಮಗೂ ಬರುವ ಸಂಭವ ಸ್ವಲ್ಪ ಹೆಚ್ಚು, ತಂದೆಯ ಕಡೆಯದೂ ಲೆಕ್ಕಕ್ಕೆ ಬರುತ್ತದೆ. ಹಾಗಂತ ಬಂದೇ ಬರುತ್ತದೆ ಎಂದಲ್ಲ. ಮನೆಯಲ್ಲಿ ಯಾರಿಗೂ ಇಲ್ಲದವರಿಗೂ ಬರುತ್ತದೆ, ವಯಸ್ಸಾದಂತೆ ಸಂಭವ ಏರುತ್ತದೆ. ಮುಟ್ಟಿದರೆ ಅಂಟುವ ರೋಗವಲ್ಲ. ರವಿಕೆಯೊಳಗಿನ ಚೀಲದಿಂದ ಬರುವುದೂ ಇಲ್ಲ.

“ಹಾಂಗಾರೆ ಚೀಲ ರವಿಕೇಲೇ ಇಡ್ಬಹುದಾ?” ಆಯಿಗೆ ಕೇಳಿಸಿದ್ದು ಅದೊಂದೇ.

“ಇಡಿ. ಎದೆಯಲ್ಲಿ ಗಂಟು ಗಿಂಟು ಏನಾದರೂ ಕೈಗೆ ಸಿಕ್ಕಿದ್ದುಂಟೇ?”

ಆಯಿ ನನ್ನ ಕಡೆ ನೋಡಲಿಲ್ಲ. “ಒಂದು ಬಟಾಣಿ ಕಾಳಿನಷ್ಟು ಅದೆ. ಮೂರು ತಿಂಗಳಾಯ್ತು. ನೋವಿಲ್ಲ, ಅದ್ಕೇ ಸುಮ್ನಿದ್ದೆ.”

ಬಂಗಡೆಯನ್ನು ಬೆರಳಲ್ಲಿ ಒಮ್ಮೆ ಒತ್ತಿದರೆ ಸಾಕು, ಇವತ್ತಿನದೋ ನಿನ್ನೆಯದೋ ಎಂದು ಆಯಿ ಹೇಳಿಬಿಡುತ್ತಿದ್ದಳು. ಅದೇ ಬೆರಳಿಗೆ ಮೂರು ತಿಂಗಳ ಹಿಂದೆ ಇದು ಸಿಕ್ಕಿತ್ತು, ಮತ್ತು ಅವಳು ಸುಮ್ಮನಿದ್ದಳು. ನನಗೆ ಬಂದ ಸಿಟ್ಟಿಗೆ ಆ ಶಾಲೆಯಲ್ಲೇ ಜಗಳ ತೆಗೆಯುವವಳಿದ್ದೆ. ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕು, ಎಷ್ಟೋ ಸಲ ಅದು ಏನೂ ಅಲ್ಲದಿರಬಹುದು, ಆದರೆ ಅದನ್ನು ಡಾಕ್ಟರು ಹೇಳಬೇಕು ಎಂದು ನರ್ಸಬಾಯಿ ನಡುವೆ ಬಂದಳು.

ಆಯಿಯ ಗಂಟು ಹಾಗೆ ಏನೂ ಅಲ್ಲದ್ದಾಗಿರಲಿಲ್ಲ, ಕ್ಯಾನ್ಸರೇ ಆಗಿತ್ತು. ಆದರೆ ಸಣ್ಣದಿತ್ತು, ಬೇರೆಡೆ ಹರಡಿರಲಿಲ್ಲ. ಆಪರೇಷನ್ ಆಯಿತು, ಔಷಧಿಯಾಯಿತು, ಕೂದಲು ಉದುರಿತು. ಹೂ ಮುಡಿಯುವ ಖರ್ಚು ಉಳಿಯಿತು ಎಂದು ಅವಳೇ ನಗೆಯಾಡಿದಳು. ನಾನು ನಗಲಿಲ್ಲ. ಆ ವರ್ಷವಿಡೀ ನನಗೆ ಹೆದರಿಕೆಯಾಗಿತ್ತು.

ಮರುವರ್ಷ ಅವಳು ಮತ್ತೆ ಪೇಟೆಗೆ ಹೋದಳು, ಚೀಲ ರವಿಕೆಯೊಳಗೆ. ಪಕ್ಕದ ಬುಟ್ಟಿಯವರನ್ನೆಲ್ಲ ಹಿಡಿದು ಕೂರಿಸಿ, “ನಿನ್ನ ತವರಲ್ಲಿ ಯಾರಿಗಾದ್ರೂ ಆಗಿತ್ತೇನೆ?” ಎಂದು ವಿಚಾರಣೆ ಮಾಡತೊಡಗಿದಳು. ಮೀನು ಕೊಳ್ಳಲು ಬಂದ ಹೆಂಗಸರಿಗೂ ಬಿಡುಗಡೆಯಿಲ್ಲ.

ಒಂದು ಮಧ್ಯಾಹ್ನ ಹೇಳದೆ ಕೇಳದೆ ಅಂಕೋಲೆಯ ನಮ್ಮ ಮನೆಗೆ ಬಂದಳು. ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು. “ನೀನು ಯಾರ ಮನೆಯವ್ಳೇ?”

ಹಳೆಯ ಗಾಯ. “ಅಂಕೋಲೆಯವ್ಳು. ನೀನೇ ಹೇಳೂದಲ್ವಾ?” ಎಂದೆ.

“ಡಾಕ್ಟರು ಕೇಳಿದ್ರೆ ಹಾಂಗೆ ಹೇಳ್ಬೇಡ,” ಎಂದಳು. “ನನ್ನ ಮನೆಯವ್ಳು ಅಂತ ಹೇಳು. ನಾಳೆನೇ ಹೋಗಿ ಹೇಳಿ ಬಾ.”

ಮದುವೆಯಾದ ದಿನದಿಂದ ಅವಳ ಬಾಯಿಂದ ಕೇಳಬೇಕೆಂದು ನಾನು ಕಾದಿದ್ದ ಮಾತು ಅದು. ಅವಳನ್ನು ತಬ್ಬಿಕೊಂಡೆ. ಅವಳ ಎದೆ ಒಂದು ಕಡೆ ಚಪ್ಪಟೆಯಾಗಿತ್ತು, ಇನ್ನೊಂದು ಕಡೆ ದುಡ್ಡಿನ ಚೀಲ ಒತ್ತುತ್ತಿತ್ತು. ಮರುದಿನ ಆಸ್ಪತ್ರೆಗೆ ಹೋದೆ. ಮನೆಯಲ್ಲಿ ಯಾರಿಗಾದರೂ ಎಂದು ಅವರು ಕೇಳುವ ಮೊದಲೇ, “ನಮ್ಮಾಯಿಗೆ,” ಎಂದೆ.