ಬಿಸಿ ಅನ್ನ ಮತ್ತು ಏಳೂಕಾಲಿನ ಬಸ್ಸು

ಕಳೆದ ತಿಂಗಳು ಒಂದು ಬೆಳಗ್ಗೆ ನಾನು ಊಟದ ತಟ್ಟೆಯನ್ನು ಗೋಡೆಗೆ ಎಸೆದೆ. ಕಾರಣ? ಅನ್ನ ಬಿಸಿಯಾಗಿತ್ತು!

ನಗಬೇಡಿ. ನಾನು ಯಲಹಂಕದಿಂದ ಜಾಲಹಳ್ಳಿಯ ಕಾರ್ಖಾನೆಗೆ ದಿನಾ ಓಡುವ ಗುಮಾಸ್ತ. ಏಳೂಕಾಲಿಗೆ ಬಸ್ಸು. ಏಳಕ್ಕೆ ತಟ್ಟೆಯ ಮುಂದೆ. ಆರಲು ಬಿಟ್ಟರೆ ಬಸ್ಸು ಹೋಯಿತು, ಬಿಡದಿದ್ದರೆ ನಾಲಗೆ ಹೋಯಿತು.

ನನ್ನ ಹೆಂಡತಿ ಜಯ ಬಟ್ಟೆ ತಂದಳು. ಗೋಡೆಯ ಮೇಲಿನ ಸಾರು ಒರೆಸತೊಡಗಿದಳು. ನಾನು ಓಡಿದೆ. (ಬಸ್ಸು ಸಿಕ್ಕಿತು. ಸಿಕ್ಕಿದ್ದಕ್ಕೆ ಖುಷಿಯೂ ಆಯಿತು. ಈಗ ಹೇಳಿಕೊಳ್ಳಲು ನಾಚಿಕೆ.)

ಮರುದಿನ ಬೆಳಗ್ಗೆ ಆರು ವರ್ಷದ ಮಗಳು ಪದ್ಮ ನನ್ನ ಪಕ್ಕದಲ್ಲಿ ಊಟಕ್ಕೆ ಕೂತಿದ್ದಳು. ಹಬೆಯಾಡುವ ಅನ್ನವನ್ನು ಅಗಿಯದೆ ನುಂಗುತ್ತಿದ್ದಳು. ಕಣ್ಣಲ್ಲಿ ನೀರು. ಆದರೂ ಕೈ ನಿಲ್ಲುತ್ತಿಲ್ಲ.

"ನಿಧಾನ ಕಣೇ, ಬಾಯಿ ಸುಟ್ಕೋತೀಯ" ಎಂದಳು ಜಯ.

"ಬೇಡಮ್ಮ, ಅಪ್ಪಂಗೆ ಲೇಟಾಗತ್ತೆ."

ಅವಳ ಶಾಲೆ ಇರುವುದು ಹತ್ತು ಗಂಟೆಗೆ!

ಬಸ್ಸಿನಲ್ಲಿ ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಅಂಗೈ ತಣ್ಣಗಾಯಿತು. ಸತ್ತೇ ಹೋಗುತ್ತೇನೆ ಅನ್ನಿಸಿತು. ಮುಂದಿನ ಸ್ಟಾಪಿನಲ್ಲೇ ಇಳಿದು, ಹೇಗೋ ನಡೆದು ನಮ್ಮ ಪೇಟೆಯ ಡಾಕ್ಟರ ಬಳಿ ಹೋದೆ. ವಯಸ್ಸಾದವರು. ಎದೆ ಪರೀಕ್ಷಿಸಿದರು, ಬ್ಲಡ್ ಪ್ರೆಷರ್ ನೋಡಿದರು.

"ಹಾರ್ಟ್‌ಗೆ ಏನೂ ಆಗಿಲ್ಲ ಕಣ್ರೀ. ನಿದ್ದೆ ಬರತ್ತಾ?"

"ಮೂರು ಸಲ ಎದ್ದು ಗಡಿಯಾರ ನೋಡ್ತೀನಿ."

"ಕೋಪ?"

ತಟ್ಟೆಯ ಕಥೆ ಹೇಳಿದೆ. ಪದ್ಮಳ ಮಾತನ್ನೂ ಹೇಳಿದೆ. ಅವರು ಸ್ಟೆತಾಸ್ಕೋಪ್ ಕೆಳಗಿಟ್ಟರು.

"ಮಿಕ್ಸ್ಚರ್ ಕೊಡ್ತೀನಿ. ಆದ್ರೆ ಅರ್ಧ ಗಂಟೆ ಮುಂಚೆ ಏಳ್ಬೇಕು. ಆ ಅರ್ಧ ಗಂಟೇಲಿ ಏನೂ ಮಾಡಕೂಡ್ದು."

"ಏನೂ ಮಾಡ್ದೆ ಏನ್ಮಾಡ್ಲಿ ಡಾಕ್ಟ್ರೇ?"

"ಅದನ್ನೇ ಕಲೀರಿ."

ಹೊತ್ತಲ್ಲದ ಹೊತ್ತಿನಲ್ಲಿ ಬಂದ ನನ್ನನ್ನು ಕಂಡು ಜಯ ಗಾಬರಿಯಾದಳು. ನಾನು ಬಾಗಿಲಲ್ಲೇ ನಿಂತು, "ನಿನ್ನೆ ನಾನು ಮಾಡಿದ್ದು ತಪ್ಪು" ಎಂದೆ. ಅವಳು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು.

"ತಟ್ಟೆ ಬಿಡಿ. ಮಗು ನೋಡಿದ್ಳಲ್ಲ?"

ಅವಳು ಅಷ್ಟು ಹೇಳಿದ್ದೇ ಸಾಕಾಯಿತು.

ಸುಮ್ಮನೆ ಕೂರುವುದು ಎಷ್ಟು ಕಷ್ಟ ಗೊತ್ತೇ? ಮೊದಲ ದಿನ ಜಗಲಿಯ ಮೇಲೆ ಕೂತೆ. ಕಾಲು ತಾನಾಗಿಯೇ ಕುಣಿಯುತ್ತಿತ್ತು. ಎರಡನೆಯ ದಿನ ಐದು ನಿಮಿಷಕ್ಕೇ ಎದ್ದುಬಿಟ್ಟೆ. ನಾಲ್ಕನೆಯ ದಿನ ಜಯ ಎರಡು ಲೋಟ ಕಾಫಿ ತಂದು ತಾನೂ ಪಕ್ಕದಲ್ಲಿ ಕೂತಳು. ಅಂದು ಅರ್ಧ ಗಂಟೆ ಹೋದದ್ದೇ ತಿಳಿಯಲಿಲ್ಲ.

ಆ ವಾರ ಊಟಕ್ಕೆ ಕೂತಾಗ ಕೇಳಿದೆ, "ಪಲ್ಯ ಬಹಳ ಚೆನ್ನಾಗಿದೆ. ಇದೇನು, ಹೊಸ ಸೊಪ್ಪಾ?"

ಜಯ ಸೆರಗು ಬಾಯಿಗೆ ಹಿಡಿದು ನಕ್ಕಳು. "ಹೊನಗೊನೆ ಸೊಪ್ಪು ಕಣ್ರೀ. ಮದ್ವೆ ಆದಾಗಿಂದ್ಲೂ ವಾರಕ್ಕೆರಡು ಸಲ ಮಾಡ್ತಿದೀನಿ!"

ಒಂದು ದಿನ ಬಸ್ಸು ತಪ್ಪಿಯೂ ತಪ್ಪಿತು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಶಾಯಿ ಬಿತ್ತು. ಇಷ್ಟು ವರ್ಷ ಇದಕ್ಕೇನಾ ನಾನು ಹೆದರಿದ್ದು? ಮೇಲಧಿಕಾರಿ ಕನ್ನಡಕದ ಮೇಲಿಂದ ನೋಡಿದರು, ಅಷ್ಟೇ. ಕಾರ್ಖಾನೆ ನಿಲ್ಲಲಿಲ್ಲ.

ಎದೆ ಈಗಲೂ ಒಮ್ಮೊಮ್ಮೆ ಹೊಡೆದುಕೊಳ್ಳುತ್ತದೆ. ಸ್ವಭಾವ ಒಂದು ತಿಂಗಳಲ್ಲಿ ಬದಲಾಗುತ್ತದೆಯೇ? ಆದರೆ ಪದ್ಮ ಈಗ ಅನ್ನವನ್ನು ಊದಿ ಊದಿ ತಿನ್ನುತ್ತಾಳೆ. ನಡುನಡುವೆ ಗೆಳತಿಯರ ಮೇಲೆ ಚಾಡಿ ಹೇಳುತ್ತಾಳೆ. ನನಗೆ ಅಷ್ಟು ಸಾಕು.

ಮೊನ್ನೆ ಭಾನುವಾರ ಮೂವರೂ ಯಲಹಂಕದ ಹತ್ತಿರದ ಸಿಂಗಾಪುರ ಎಂಬ ಹಳ್ಳಿಗೆ ಹೋಗಿದ್ದೆವು. ಅದು ಜಯಳ ಸೋದರತ್ತೆಯ ಊರು. ದಾರಿಯಲ್ಲಿ ಒಂದು ತೋಟದ ಬಾವಿ ಸಿಕ್ಕಿತು. ಕಟ್ಟೆಯ ಮೇಲೆ ಕೂತೆವು. ಜಯ ಬಗ್ಗಿ ನೀರು ನೋಡಿದಳು.

"ಚಿಕ್ಕೋಳಿದ್ದಾಗ ರಜಕ್ಕೆ ಬಂದ್ರೆ ಇಲ್ಲೇ ಈಜ್ತಿದ್ದೆ. ಮೇಲಿನ ಮೆಟ್ಲಿಂದ ಧುಮುಕ್ತಿದ್ದೆ" ಎಂದಳು. ಪದ್ಮ ಬಾಯಿಬಿಟ್ಟು ಅಮ್ಮನನ್ನೇ ನೋಡಿದಳು. ನಾನೂ!

"ನಿಂಗೆ ಈಜು ಬರತ್ತಾ? ಹನ್ನೊಂದು ವರ್ಷದಲ್ಲಿ ಒಂದು ದಿನಾನೂ ಹೇಳ್ಲಿಲ್ವಲ್ಲೇ?"

ಜಯ ನೀರಿನಿಂದ ಕಣ್ಣು ತೆಗೆಯದೆ ಕೇಳಿದಳು: "ಹೇಳೋಕೆ ನೀವು ಕೂತಿದ್ದು ಯಾವಾಗ?"