ಹೆಬ್ಬೆರಳಿನಡಿ ಮುಚ್ಚಿಟ್ಟ ಸಾಲು

ಭಾಗ್ಯಾ, ಅಂದು ನಿಮ್ಮಪ್ಪನಿಗೆ ನಾನು ಸುಳ್ಳು ಹೇಳಿದೆ. ತಿಳಿಯದೆ ಅಲ್ಲ, ಕಣ್ತಪ್ಪಿ ಅಲ್ಲ — ಕನ್ನಡಕ ಹಾಕಿಕೊಂಡು, ಎರಡು ಸಲ ಓದಿ, ಸುಳ್ಳು ಹೇಳಿದೆ.

ಸತ್ತೇಗಾಲದಲ್ಲಿ ಯಾರ ಮನೆಗೆ ಇಂಗ್ಲಿಷಿನ ಕಾಗದ ಬಂದರೂ ಅದು ಮೊದಲು ನನ್ನ ಜಗುಲಿಗೆ ಬರುತ್ತಿತ್ತು. ಇಂಗ್ಲಿಷ್ ಮೇಷ್ಟ್ರು ಓದಿ ಹೇಳಿದರೆ ಮುಗಿಯಿತು. ಆ ಮರ್ಯಾದೆ ನನ್ನ ತಲೆಗೇರಿತ್ತು. ನೀನು ಕೊಳ್ಳೇಗಾಲದಲ್ಲಿ ಐಟಿಐ ಮುಗಿಸಿ ಎಲೆಕ್ಟ್ರಿಷಿಯನ್ ಆಗಿದ್ದೆ. ಖಾಸಗಿ ಕಂಪನಿಯೊಂದು ಲೈನ್‌ಮ್ಯಾನ್ ಕೆಲಸಕ್ಕೆ ಅರ್ಜಿ ಕರೆದಿತ್ತು. ಕಂಬ ಹತ್ತುವ ಪರೀಕ್ಷೆಗೆಂದು ನೀನು ತೆಂಗಿನಮರ ಹತ್ತಿ ಇಳಿದು ಅಂಗೈ ಸುಲಿದುಕೊಂಡಿದ್ದು ಊರಿಗೆಲ್ಲ ಗೊತ್ತಿತ್ತು.

ನಿಮ್ಮಪ್ಪ ಸಿದ್ದರಾಜಣ್ಣ ಆ ಕಂಪನಿಯ ಇಂಗ್ಲಿಷ್ ಪ್ರಕಟಣೆಯ ಕಾಗದ ಹಿಡಿದು ಬಂದರು. "ಸಾ, ಎಣ್ಮಕ್ಕಳೂ ಅರ್ಜಿ ಆಕ್ಬೌದು ಅಂತ ಬರ್ದದೆ ಅಂತಾಳೆ. ಅಂಗಿದ್ರೆ ಕಳುಸ್ತೀನಿ. ನೀವೊಂದ್ಸಲ ನೋಡ್ಬುಟ್ಟು ಯೋಳಿ."

ಬರೆದಿತ್ತು. ಕೊನೆಯ ಸಾಲಿನಲ್ಲಿ, ಸ್ಪಷ್ಟವಾಗಿ. ನಾನು ಅದರ ಮೇಲೆ ಹೆಬ್ಬೆರಳಿಟ್ಟೆ — ಅವರಿಗೆ ಓದಲು ಬಾರದು, ಆದರೂ ಇಟ್ಟೆ — ಮೇಲಿನ ದಪ್ಪಕ್ಷರ ತೋರಿಸಿದೆ. "ಲೈನ್‌ಮ್ಯಾನ್ ಅಂತಿದೆಯಲ್ಲ ಸಿದ್ದರಾಜಣ್ಣ. ಮ್ಯಾನ್ ಅಂದರೆ ಗಂಡಸು. ಅವಳಿಗೆ ಸರಿಯಾಗಿ ಓದಲು ಬಂದಿಲ್ಲ."

ಅದೇ ನಾನು ಹತ್ತನೇ ತರಗತಿಯಲ್ಲಿ ನಿಮಗೆ ಪಾಠ ಮಾಡಿದ್ದೆ: ಈಗಿನ ಇಂಗ್ಲಿಷಿನಲ್ಲಿ ಪೊಲೀಸ್‌ಮ್ಯಾನ್ ಹೋಗಿ ಪೊಲೀಸ್ ಆಫೀಸರ್ ಬಂದಿದೆ, ಫೈರ್‌ಮ್ಯಾನ್ ಹೋಗಿ ಫೈರ್‌ಫೈಟರ್ ಬಂದಿದೆ, ಕೆಲಸಕ್ಕೆ ಹೆಣ್ಣು ಗಂಡೆಂಬುದಿಲ್ಲ ಎಂದು. ಮರುವಾರವೇ ಹಾಲಿನ ಡೇರಿಯ ಅಧ್ಯಕ್ಷೆ ಶಾಲೆಗೆ ಬಂದ ದಿನ, ಬೋರ್ಡಿನ ಮೇಲೆ ಚೇರ್‌ಮನ್ ಎಂದು ಬರೆದೆ. ನೀನು ಎದ್ದು ನಿಂತು, "ಸಾ, ಚೇರ್‌ಪರ್ಸನ್ ಅಂತ ನೀವೇ ಯೋಳ್ಕೊಟ್ಟಿದ್ರಿ" ಎಂದೆ. ಹುಡುಗರು ನಕ್ಕರು. ಹೆಡ್‌ಮೇಷ್ಟ್ರೂ ನಕ್ಕರು. ಅಷ್ಟೇ. ಆ ನಗುವನ್ನು ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ ಎಂಬುದು ಆ ಜಗುಲಿಯಲ್ಲೇ ನನಗೆ ಗೊತ್ತಾದದ್ದು. ನೀನು ಕಂಬದಿಂದ ಬಿದ್ದರೆ ಎಂಬ ಭಯದಿಂದ ಹೇಳಿದೆ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಥ ಭಯವೇನೂ ಇರಲಿಲ್ಲ.

"ಓದ್ಸಿದ್ದು ದಂಡ ಆಯ್ತು ಬುಡಿ ಸಾ" ಎಂದು ನಿಮ್ಮಪ್ಪ ಕಾಗದ ಮಡಚಿಕೊಂಡು ಹೋದರು. ಮರುವರ್ಷ ನಿನ್ನನ್ನು ಅಜ್ಜೀಪುರಕ್ಕೆ ಕೊಟ್ಟರು. ಈಗ ಅಲ್ಲಿ ಅರಿಸಿನದ ಹೊಲದಲ್ಲಿ ದುಡಿಯುತ್ತಿದ್ದೀಯಂತೆ.

ನಾನು ಸುಳ್ಳು ಹೇಳಿದ್ದು ನಿನಗೆ ಗೊತ್ತು. ಆ ಸಾಲನ್ನು ನೀನೇ ಓದಿದ್ದೆಯಲ್ಲ. ಆದರೂ ಹೋದ ತಿಂಗಳು ಕೊಳ್ಳೇಗಾಲದ ಬಸ್ಸಿನಲ್ಲಿ ನನಗೆ ಸೀಟು ಬಿಟ್ಟುಕೊಟ್ಟೆ. ನಿನ್ನ ಜೊತೆಗಿದ್ದ ನಿಮ್ಮಪ್ಪ, ನೀನು ಓದಿ ಹೇಳುತ್ತಿದ್ದ ಡಾಕ್ಟರ ಚೀಟಿಯನ್ನು ನಿನ್ನ ಕೈಯಿಂದ ತೆಗೆದು ನನ್ನತ್ತ ಚಾಚಿದರು. "ನೀವ್ ಓದಿ ಸಾ. ಇವ್ಳು ತೆಪ್ಪುತೆಪ್ಪಾಗಿ ಓದ್ತಾಳೆ." ನೀನು ಕಿಟಕಿಯಾಚೆ ನೋಡಿದೆ. ನಾನು — ಆಗಲೂ — ಇಸಕೊಂಡು ಓದಿದೆ.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕ್ಷಮಿಸು ಎಂದು ಕೇಳಲಾರೆ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನನಗದು ಸಲ್ಲದು. ನೀನು ತವರಿಗೆ ಬಂದ ದಿನ ಈ ಕಾಗದ ಹಿಡಿದು ನಿಮ್ಮ ಮನೆಗೆ ಬರುತ್ತೇನೆ. ನಿಮ್ಮಪ್ಪ ಎಂದಿನಂತೆ, ನೀವೇ ಓದಿ ಸಾ, ಎನ್ನುತ್ತಾರೆ. ನಾನು ಓದುವುದಿಲ್ಲ. ಇದನ್ನು ನಿನ್ನ ಕೈಗೆ ಕೊಟ್ಟು, ನೀನು ಅವರಿಗೆ ಕೇಳುವಂತೆ ಗಟ್ಟಿಯಾಗಿ ಓದಿ ಮುಗಿಸುವವರೆಗೆ ಅವರ ಎದುರಿಗೆ ಕೂತಿರುತ್ತೇನೆ.