ತ್ರ್ಯಂಬಕರಾಯರ ವಾರ್ಷಿಕ ಅಪಘಾತ

ತ್ರ್ಯಂಬಕರಾಯರು ತಮ್ಮ ಜೀವಮಾನದಲ್ಲಿ ಐದು ಸಲ ಸೈಕಲ್ಲಿನಿಂದ ಬಿದ್ದರು. ಐದೂ ಸಲ ಒಂದೇ ಜಾಗದಲ್ಲಿ, ಡಿಸೆಂಬರ್ ತಿಂಗಳ ಕೊನೆಯ ವಾರ, ಬೆಳಿಗ್ಗೆ ಒಂಬತ್ತೂವರೆಗೆ. ಇಷ್ಟು ನಿಯಮಬದ್ಧವಾಗಿ ಬಿದ್ದ ಮನುಷ್ಯ ಬೆಳಗಾವಿಯಲ್ಲಿ ಇನ್ನೊಬ್ಬನಿಲ್ಲ.

ಅವರ ಮನೆ ಖಾನಾಪುರದಲ್ಲಿ. ದಿನವೂ ಪ್ಯಾಸೆಂಜರ್ ಗಾಡಿಗೆ ಬಂದು, ಸ್ಟೇಶನ್ನಿನಲ್ಲಿ ನಿಲ್ಲಿಸಿದ್ದ ಸೈಕಲ್ ಏರಿ, ರಸ್ತೆ ಅಪಘಾತಗಳ ಲೆಕ್ಕ ಇಡುವ ಒಂದು ಸರಕಾರಿ ಕಚೇರಿಗೆ ಹೋಗುವರು. ಅಲ್ಲಿ ಗೋಡೆಯ ಮೇಲೆ ಶಹರದ ದೊಡ್ಡ ನಕಾಶೆ. ಸತ್ತವರಿಗೆ ಕೆಂಪು ತಲೆಯ ಗುಂಡುಸೂಜಿ, ಗಾಯಗೊಂಡವರಿಗೆ ಹಳದಿ. ವರ್ಷದ ಕೊನೆಗೆ ನಕಾಶೆಯ ಮೇಲಿನ ಸೂಜಿಗಳನ್ನು ಎಣಿಸಿ ಮೇಲಿನವರಿಗೆ ತಖ್ತೆ ಕಳಿಸುವುದು, ಆಮೇಲೆ ನಕಾಶೆ ಬರಿದುಮಾಡುವುದು ಅಲ್ಲಿನ ಪದ್ಧತಿ.

ಸೂಜಿ ಚುಚ್ಚುವುದು ರಾಯರ ಕೆಲಸ. ಬೇರೆಯವರಾಗಿದ್ದರೆ ಸುಮಾರಾಗಿ ಚುಚ್ಚಿ ಚಹಾಕ್ಕೆ ಹೋಗುತ್ತಿದ್ದರು. ರಾಯರು ಪಂಚನಾಮೆ ಓದಿ, ಪಟ್ಟಿ ಹಿಡಿದು ಅಳೆದು, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಚುಚ್ಚುವರು. ವಡಗಾವಿಯಲ್ಲಿ ನೇಕಾರರ ಓಣಿ ದೊಡ್ಡ ರಸ್ತೆಗೆ ಕೂಡುವ ತಿರುವಿನಲ್ಲಿ ಪ್ರತಿ ಅಪಘಾತವೂ ಒಂದೇ ದೀಪದ ಕಂಬದ ಬುಡದಲ್ಲಿ ಆಗುತ್ತಿತ್ತು. ಆದ್ದರಿಂದ ಪ್ರತಿ ಸೂಜಿಯೂ ಒಂದೇ ತೂತಿಗೆ. ತೂತು ದೊಡ್ಡದಾಯಿತು. ಫ್ಯಾನು ತಿರುಗಿದರೆ ಸಾಕು, ಸೂಜಿ ಉದುರತೊಡಗಿದವು.

1980ರಲ್ಲಿ ಆ ತಿರುವಿನಲ್ಲಿ ಹತ್ತೊಂಬತ್ತು ಜನ ಗಾಡಿಗಳಿಗೆ ಸಿಕ್ಕಿದ್ದರು. ಡಿಸೆಂಬರಿನಲ್ಲಿ ಎಣಿಸುವಾಗ ನಕಾಶೆಯಲ್ಲಿ ಒಬ್ಬರೂ ಉಳಿದಿರಲಿಲ್ಲ. ರಾಯರು ರಜಿಸ್ಟರ್ ಹಿಡಿದು ಸಾಹೇಬರಾದ ತಮ್ಮಣ್ಣನವರ ಬಳಿ ಹೋದರು.

"ಸೂಜಿ ಇಲ್ಲಾ ಅಂದ್ರ ಕೇಸ್ ಇಲ್ಲರೀ, ರಾಯರ."

"ತೂತು ದೊಡ್ಡದಾಗೇತ್ರಿ, ಸಾಹೇಬ್ರ."

"ತೂತು ಎಣಸಾಕ ತಖ್ತೇದಾಗ ಕಾಲಂ ಇಲ್ಲ."

ಶಹರದಲ್ಲಿ ವಾಹನಗಳು ಹೆಚ್ಚಿದರೂ ಅಪಘಾತಗಳು ಇಳಿಯುತ್ತಿವೆ ಎಂದು ತಖ್ತೆ ಹೋಯಿತು. ತಮ್ಮಣ್ಣನವರಿಗೆ ಅಭಿನಂದನೆಯ ಪತ್ರ ಬಂತು. ಚೌಕಟ್ಟು ಹಾಕಿಸಿ ನಕಾಶೆಯ ಬಾಜುವಿಗೇ ತೂಗುಹಾಕಿದರು.

ಅದರ ಧೂಳು ಒರೆಸಲು ಬಂದ ಮಾಯಕ್ಕ ಒಂದು ತಪಕೀರಿನ ಡಬ್ಬಿಯನ್ನು ರಾಯರ ಮೇಜಿನ ಮೇಲಿಟ್ಟಳು. ಕಚೇರಿಯ ಕಸ ಗುಡಿಸುವ ಅವಳು ವಡಗಾವಿಯವಳು. ದಿನವೂ ಆ ತಿರುವು ದಾಟಿಯೇ ಬರಬೇಕು. ಅವಳ ತಂಗಿ ಫಕೀರವ್ವ ಸೀರೆಗಳ ಗಂಟು ಹೊತ್ತು ದಾಟುವಾಗ ಅಲ್ಲೇ ಕಾಲು ಮುರಿದುಕೊಂಡಿದ್ದಳು.

"ಕಾಲಿಗಿ ಚುಚ್ಚತಾವಂತ ಆರಿಸಿ ಇಟ್ಟೇನ್ರಿ. ಇದರಾಗ ನಮ್ಮ ಫಕೀರವ್ವನ ಟಾಚಣಿ ಯಾವುದ್ರಿ?"

ಡಬ್ಬಿಯಲ್ಲಿ ಹತ್ತೊಂಬತ್ತು ಸೂಜಿಗಳಿದ್ದವು, ಹನ್ನೆರಡು ಹಳದಿ. ಯಾವುದು ಯಾರದೆನ್ನಲು ಆಧಾರವಿರಲಿಲ್ಲ. ಆದರೂ ರಾಯರು ಒಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು.

"ಇಷ್ಟ ಸಣ್ಣದೇನ್ರಿ?" ಎಂದು ಅವಳು ಅದನ್ನು ಮತ್ತೆ ಡಬ್ಬಿಗೇ ಹಾಕಿದಳು. "ಅಕಿ ಇನ್ನೂ ಕೋಲ್ ಊರಿ ನಡೀತಾಳ. ಅಲ್ಲೊಂದು ಹಂಪ್ ಹಾಕಸ್ರಿ, ನಿಮಗ ಪುಣ್ಯೇ ಬರ್ತೈತಿ."

ಹಂಪ್ ಹಾಕುವ ಇಂಜಿನಿಯರು ನಕಾಶೆ ನೋಡಿ ಜಾಗ ಗೊತ್ತುಮಾಡುವವರು. ಅವರು ಬರುವ ದಿನ ರಾಯರು ಔಷಧದ ಬಾಟಲಿಯ ಬಿರಡೆ ಕೊರೆದು ತೂತಿಗೆ ಬಡಿದು, ಹತ್ತೊಂಬತ್ತನ್ನೂ ಅದರಲ್ಲಿ ನಾಟಿದರು. ಇಂಜಿನಿಯರು ಬೆಚ್ಚಿ ಅಲ್ಲೇ ಸಹಿ ಮಾಡಿದರು. ತಿಂಗಳೊಳಗೆ ಹಂಪ್ ಬಂತು. ಅಪಾಯದ ಜಾಗ ಪತ್ತೆಹಚ್ಚಿದ್ದಕ್ಕೆ ತಮ್ಮಣ್ಣನವರಿಗೆ ಇನ್ನೊಂದು ಪತ್ರ, ಇನ್ನೊಂದು ಚೌಕಟ್ಟು.

ಆ ವರ್ಷ ತಿರುವಿನಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಹಳೆಯ ವರ್ಷದ ಸೂಜಿಗಳನ್ನು ಪದ್ಧತಿಯಂತೆ ಕಿತ್ತ ಮೇಲೆ ಬಿರಡೆ ಖಾಲಿಯೇ ಉಳಿಯಿತು. ಡಿಸೆಂಬರಿನಲ್ಲಿ ಹುಕುಂ ಬಂತು: ವರ್ಷವಿಡೀ ಒಂದೂ ಸೂಜಿ ಇಲ್ಲದ ಕಡೆ ಹಂಪ್ ಅನವಶ್ಯಕ, ಕಿತ್ತು ಹಿಂಡಲಗಾ ರಸ್ತೆಗೆ ಹಾಕತಕ್ಕದ್ದು.

ಮಾಯಕ್ಕ ಕಸಬರಿಗೆ ಒಗೆದಳು. "ಹಂಪ್ ಐತಂತ ಯಾರೂ ಸಾಯಲಿಲ್ಲ. ಯಾರೂ ಸಾಯಲಿಲ್ಲಂತ ಹಂಪ್ ಕೀಳ್ತೀರೇನ್ರಿ? ಒಂದು ಸುಳ್ಳ ಟಾಚಣಿ ಚುಚ್ಚಿಬಿಡ್ರಿ, ರಾಯರ. ಯಾರ ಬಂದ ನೋಡ್ತಾರ?"

"ಸುಳ್ಳ ನಾ ಚುಚ್ಚೂದಿಲ್ಲವಾ."

ಅವಳು ಮುಖ ತಿರುಗಿಸಿ ಹೋದಳು.

ಮರುದಿನ ರಾಯರು ಸ್ಟೇಶನ್ನಿನಿಂದ ಕಚೇರಿಗೆ ಹೋಗದೆ ವಡಗಾವಿಯ ಕಡೆ ಸೈಕಲ್ ತಿರುಗಿಸಿದರು. ಕೆಲಸಕ್ಕೆ ಹೊರಟ ಮಾಯಕ್ಕ ನೋಡುತ್ತಿದ್ದಂತೆ ಹಂಪ್ ಏರಿ, ಎರಡೂ ಕೈ ಬಿಟ್ಟು, ದೀಪದ ಕಂಬದ ಬುಡದಲ್ಲಿ ಬಿದ್ದರು. ಧೋತರ ಹರಿದು ಮೊಣಕಾಲು ತರಚಿತು.

"ಅಯ್ಯ ಶಿವನ! ಏಳ್ರಿ, ರಾಯರ!"

"ತಡಿ. ಮೊದಲ ಟೈಮ್ ಎಷ್ಟಾತು, ಯಾರನ್ನರ ಕೇಳು."

ಹತ್ತೂವರೆಗೆ ರಜಿಸ್ಟರಿನಲ್ಲಿ ನಮೂದಾಯಿತು: ತ್ರ್ಯಂಬಕ, ವಯಸ್ಸು 54, ಸೈಕಲ್ ಸವಾರ, ಬಲ ಮೊಣಕಾಲಿಗೆ ಗಾಯ, ಸಾಕ್ಷಿ ಮಾಯಕ್ಕ. ಬಿರಡೆಯಲ್ಲಿ ಒಂದು ಹಳದಿ ಸೂಜಿ ನಿಂತಿತು. ಹಂಪ್ ಉಳಿಯಿತು.

ಮುಂದೆ ಪ್ರತಿ ಡಿಸೆಂಬರಿನಲ್ಲೂ ಹೀಗೇ. ನೇಕಾರರ ಓಣಿಯ ಹೆಂಗಸರು ಆ ಹೊತ್ತಿಗೆ ಅರಿಸಿನ, ಹಳೆಯ ಅರಿವೆ ಸಿದ್ಧ ಇಟ್ಟುಕೊಂಡು ಕಾಯತೊಡಗಿದರು. ಐದನೆಯ ಸಲ ಬೀಳುವಾಗ ರಾಯರಿಗೆ ಐವತ್ತೆಂಟು; ಬರುವ ತಿಂಗಳು ನಿವೃತ್ತಿ. ಆ ಸಲ ಏಳುವುದು ತಡವಾಯಿತು. ಕಂಬ ಹಿಡಿದು ಕುಳಿತು, ಹಂಪನ್ನೇ ನೋಡುತ್ತಿದ್ದರು.

ಫಕೀರವ್ವ ಕೋಲೂರಿಕೊಂಡು ಬಂದು ಅವರ ಸೈಕಲ್ ಎತ್ತಿ ನಿಲ್ಲಿಸಿದಳು.

"ಇನ್ನ ಸಾಕ್ರಿ, ರಾಯರ. ಮುಂದಿನ ವರ್ಸ ನಾ ಬೀಳ್ತೀನಿ. ನನಗ ರೂಢಿ ಐತಿ."